ಪೇಮೆಂಟ್ ಮುಂದೂಡೋದೇ ನನ್ನ ಕೆಲಸ ಆಗಿತ್ತು

ಹನ್ನೆರಡು ವರ್ಷದಿಂದ ಅಕೌಂಟ್ಸ್ ಪೇಯಬಲ್‌ನಲ್ಲಿದೀನಿ. ಅಂದ್ರೆ ಕಂಪ್ನಿ ಯಾರ್ಯಾರಿಗೆ ದುಡ್ಡು ಕೊಡ್ಬೇಕೋ ಅವರಿಗೆ ಕೊಡೋ ಡಿಪಾರ್ಟ್‌ಮೆಂಟು. ಹೆಸರಿಗೆ ಕೊಡೋದು, ಆದ್ರೆ ಮೊದಲ ಒಂಬತ್ತು ಹತ್ತು ವರ್ಷ ನಾನು ನಿಜವಾಗ್ಲೂ ಮಾಡಿದ್ದು ಕೊಡದೇ ಇರೋ ಕೆಲಸ. ಸೇರಿದ ಮೊದಲ ವಾರನೇ ನಮ್ಮ ಮ್ಯಾನೇಜರ್ ಹೇಳ್ಕೊಟ್ಟಿದ್ರು, ಬ್ಯಾಂಕ್ ಓವರ್‌ಡ್ರಾಫ್ಟ್ ಸಾಲಕ್ಕೆ ಬಡ್ಡಿ ಕಟ್ಬೇಕು, ಮಾಲು ಕೊಡೋ ವೆಂಡರ್ ದುಡ್ಡಿಗೆ ಬಡ್ಡಿ ಇಲ್ಲ, ಯಾವ್ದನ್ನ ಮೊದಲು ಬಳಸ್ಕೋಬೇಕು ನೀನೇ ಹೇಳು ಅಂತ. ನಾನೂ ತಲೆ ಆಡಿಸಿದೆ, ಹೊಸ ಕೆಲಸ, ಇನ್ನೇನು ಮಾಡ್ತೀರ.

ಪೀಣ್ಯದಲ್ಲಿ ಮೆಷಿನ್ ಮಾಡೋ ಕಂಪ್ನಿ ನಮ್ದು, ಹೆಸರು ಬೇಡ. ನಮ್ಮಂಥೋರು ಎಲ್ಲಾ ಪಾರ್ಟ್ ನಾವೇ ಮಾಡಲ್ಲ. ಟರ್ನಿಂಗ್ ಒಬ್ರು, ಗ್ರೈಂಡಿಂಗ್ ಇನ್ನೊಬ್ರು, ಪ್ಲೇಟಿಂಗ್ ಮತ್ತೊಬ್ರು, ಎಲ್ಲಾ ಸುತ್ತಮುತ್ತ ಶೆಡ್ ಹಾಕ್ಕೊಂಡಿರೋ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ಎಂಟು ಹತ್ತು ಜನ ಕೆಲಸಕ್ಕಿರ್ತಾರೆ ಅಷ್ಟೇ. ನಾವು ಇವರಿಗೆ ಕೊಡೋ ಪಿಒನಲ್ಲಿ (ಆರ್ಡರ್ ಕಾಗದದಲ್ಲಿ) ಪೇಮೆಂಟ್ ಟರ್ಮ್ಸ್ 90 ದಿನ ಅಂತ ಪ್ರಿಂಟ್ ಆಗಿರ್ತಿತ್ತು, ಆ 90 ಲೆಕ್ಕ ಶುರುವಾಗೋದು ಮಾಲು ಬಂದ ದಿನದಿಂದ ಅಲ್ಲ, ಜಿಆರ್‌ಎನ್ (ಮಾಲು ಬಂತು ಅಂತ ಸ್ಟೋರ್ಸ್‌ನೋರು ಹಾಕೋ ಎಂಟ್ರಿ) ಆಗಿ ಬಿಲ್ ಬುಕ್ ಆದ ದಿನದಿಂದ, ಬುಕ್ ಮಾಡೋಳು ನಾನು, ಹಾಗಾಗಿ 90 ಅನ್ನೋದು 120 ಆಗ್ಲಿ 140 ಆಗ್ಲಿ ಕೇಳೋರಿಲ್ಲ. ನೆಪಗಳ ಪಟ್ಟಿನೇ ಇತ್ತು ನನ್ನ ಹತ್ರ. ಕ್ವಾಲಿಟಿ ಚೆಕ್ ಕ್ಲಿಯರ್ ಆಗಿಲ್ಲ, ಒರಿಜಿನಲ್ ಬಿಲ್ ಬಂದಿಲ್ಲ, ಸೈನ್ ಮಾಡೋ ಸಾಹೇಬ್ರು ಟೂರಲ್ಲಿದಾರೆ, ಸಿಸ್ಟಂ ಡೌನು.

ಒಬ್ರು ಯಜಮಾನ್ರು ಇದ್ರು, ರಾಜಗೋಪಾಲ ನಗರದ ಕಡೆ ಶೆಡ್ಡು, ನಾಲ್ಕು ಲೇತು, ಕಂಪ್ಯೂಟರಲ್ಲಿ ನಡೆಯೋ ಸಿಎನ್‌ಸಿ ಮೆಷಿನ್ ಎರಡು. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಬಂದು ರಿಸೆಪ್ಷನ್‌ನಲ್ಲಿ ವಾಟರ್ ಫಿಲ್ಟರ್ ಪಕ್ಕದ ಕುರ್ಚೀಲಿ ಕೂರೋರು. ಜಗಳ ಗಿಗಳ ಏನಿಲ್ಲ. "ಮೇಡಂ, ನಮ್ದು ಈ ವಾರ ಇದೆಯಾ?" ಅಷ್ಟೇ ಕೇಳೋರು. ನಾನು ಪಟ್ಟಿಯಿಂದ ಒಂದು ನೆಪ ತೆಗೆದು ಕೊಡ್ತಿದ್ದೆ, ಅವರು ಅದನ್ನ ನಂಬಿದೋರ ಥರ ಎದ್ದು ಹೋಗೋರು. ಒಂದ್ಸಲ ಮಾತ್ರ, ದೀಪಾವಳಿ ಹಿಂದಿನ ವಾರ, ಹುಡುಗರಿಗೆ ಬೋನಸ್ ಕೊಡ್ಬೇಕಿತ್ತೇನೋ, ಮೇಡಂ ಅನ್ನೋದು ಬಿಟ್ಟು "ನೋಡಮ್ಮ, ನಿಮ್ಮ ಕಂಪ್ನಿಗೆ ಬಡ್ಡಿ ಇಲ್ದೆ ಸಾಲ ಕೊಡೋಕೆ ನಾನು ಸೊಸೈಟೀಲಿ ಬಡ್ಡಿಗೆ ತರ್ತಾ ಇದೀನಿ" ಅಂದ್ರು.

ಕಾನೂನು ಇರ್ಲಿಲ್ಲ ಅಂತ ಅಂದ್ಕೋಬೇಡಿ. ನಾನು ಕೆಲಸಕ್ಕೆ ಸೇರೋಕೆ ಎಷ್ಟೋ ವರ್ಷ ಮುಂಚೆನೇ, 2006ರಲ್ಲೇ ಎಮ್‌ಎಸ್‌ಎಂಇ (ಮೈಕ್ರೋ, ಸ್ಮಾಲ್, ಮೀಡಿಯಂ ಉದ್ದಿಮೆಗಳ) ಕಾಯ್ದೆ ಬಂದಿದೆ. ಅದರ 15ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ ಸಣ್ಣ ಉದ್ದಿಮೆಯಿಂದ ಮಾಲು ತಗೊಂಡ್ರೆ, ಬರವಣಿಗೇಲಿ ಒಪ್ಪಂದ ಇದ್ರೆ ಅದರಲ್ಲಿ ಒಪ್ಪಿದ ದಿನದೊಳಗೆ ದುಡ್ಡು ಕೊಡ್ಬೇಕು, ಒಪ್ಪಂದದಲ್ಲಿ ಏನೇ ಬರ್ಕೊಂಡ್ರೂ 45 ದಿನ ದಾಟೋ ಹಾಗಿಲ್ಲ, ಒಪ್ಪಂದನೇ ಇಲ್ಲ ಅಂದ್ರೆ 15 ದಿನ. ಅಂದ್ರೆ ನಮ್ಮ ಪಿಒಲಿ ಪ್ರಿಂಟ್ ಆಗ್ತಿದ್ದ 90 ದಿನಕ್ಕೆ ಕಾನೂನಲ್ಲಿ ಬೆಲೆನೇ ಇರ್ಲಿಲ್ಲ. ಲೇಟಾದ್ರೆ 16ನೇ ಸೆಕ್ಷನ್ ಪ್ರಕಾರ ಬಡ್ಡಿ, ಅದೂ ಎಂಥ ಬಡ್ಡಿ, ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. 2023-24ರಲ್ಲಿ ಬ್ಯಾಂಕ್ ರೇಟು 6.75% ಇತ್ತು, ಮೂರು ಪಟ್ಟು ಅಂದ್ರೆ 20.25%. 5 ಲಕ್ಷದ ಬಿಲ್ಲು ಒಂದು ವರ್ಷ ಲೇಟಾದ್ರೆ ಬಡ್ಡಿನೇ 1 ಲಕ್ಷ ದಾಟುತ್ತೆ.

ಅಷ್ಟು ವರ್ಷದಲ್ಲಿ ಆ ಬಡ್ಡಿ ನಾವು ಎಷ್ಟು ಕಟ್ಟಿದ್ವಿ ಗೊತ್ತಾ? ಒಂದು ಪೈಸೆ ಇಲ್ಲ. ಯಾರೂ ಕೇಳ್ಲೇ ಇಲ್ಲ. ಕೇಳ್ಬೇಕಂದ್ರೆ ಇಂಥ ದೂರು ಕೇಳೋಕಂತಾನೇ ಇರೋ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡ್ಬೇಕು. 2017ರಲ್ಲಿ ಸಮಾಧಾನ್ ಅಂತ ಆನ್‌ಲೈನ್ ಪೋರ್ಟಲ್ಲೂ ಬಂತು, ಕೂತಲ್ಲೇ ಹಾಕ್ಬಹುದಿತ್ತು. ಆದ್ರೆ ನೀರಲ್ಲಿದ್ದು ಮೊಸಳೆ ಜೊತೆ ಹಗೆತನ ಯಾರು ಕಟ್ಕೋತಾರೆ, ಇವತ್ತು ದೂರು ಹಾಕಿದ್ರೆ ನಾಳೆ ಪಿಒ ಪಕ್ಕದ ಶೆಡ್ಡಿಗೆ ಹೋಗುತ್ತೆ ಅಂತ ಯಜಮಾನ್ರಿಗೂ ಗೊತ್ತು ನಮಗೂ ಗೊತ್ತು.

ಇನ್ನೊಂದು ಇತ್ತು, ಬ್ಯಾಲೆನ್ಸ್ ಶೀಟ್ ನೋಟ್ಸ್‌ನಲ್ಲಿ ಸಣ್ಣ ಉದ್ದಿಮೆಗಳಿಗೆ ಎಷ್ಟು ಬಾಕಿ ಅಂತ ತೋರಿಸ್ಬೇಕು. ನಾವು ಪ್ರತಿ ವರ್ಷ ಅಲ್ಲಿ ಬರೀತಿದ್ದಿದ್ದು "ಕಂಪನಿಗೆ ಲಭ್ಯವಿರುವ ಮಾಹಿತಿಯ ಪ್ರಕಾರ ಯಾವುದೂ ಇಲ್ಲ" ಅಂತ. ಮಾಹಿತಿ ಯಾಕೆ ಲಭ್ಯ ಇರ್ಲಿಲ್ಲ ಅಂದ್ರೆ ನಾವು ಕೇಳ್ತಾನೇ ಇರ್ಲಿಲ್ಲ. ಸುಳ್ಳಲ್ಲ ನೋಡಿ, ಪಕ್ಕಾ ಸತ್ಯ! ಆ ವಾಕ್ಯ ವರ್ಷ ವರ್ಷ ಕಾಪಿ ಪೇಸ್ಟ್ ಮಾಡಿದ್ದು ನಾನೇ. 2019ರಲ್ಲಿ ಕಂಪ್ನಿ ಕಾಯ್ದೆ ಕೆಳಗೆ ಎಮ್‌ಎಸ್‌ಎಂಇ ಫಾರ್ಮ್ 1 ಬಂತು, 45 ದಿನ ದಾಟಿದ ಬಾಕಿನ ಆರು ತಿಂಗಳಿಗೊಂದ್ಸಲ ಸರ್ಕಾರಕ್ಕೆ ತಿಳಿಸ್ಬೇಕು, ಬಾಕಿ ಯಾಕೆ ಉಳೀತು ಅನ್ನೋ ಕಾರಣನೂ ಬರೀಬೇಕು. ಆಗ ಮೊದಲ್ನೇ ಸಲ ವೆಂಡರ್‌ಗಳಿಗೆ ನಿಮ್ಮ ರಿಜಿಸ್ಟ್ರೇಷನ್ ಇದೆಯಾ ಅಂತ ಮೇಲ್ ಹಾಕಿದ್ವಿ. ಕಾರಣದ ಕಾಲಂನಲ್ಲಿ ನನ್ನ ಹಳೇ ನೆಪಗಳೇ ಇಂಗ್ಲಿಷ್ ಬಟ್ಟೆ ಹಾಕ್ಕೊಂಡು ಹೋದ್ವು, ಅಷ್ಟೇ ಬದಲಾವಣೆ.

ಆದ್ರೆ ಇದೇ ನಾವು ಜಿಎಸ್‌ಟಿಯ 180 ದಿನಾನ ಮಾತ್ರ ಏಕಾದಶಿ ಉಪವಾಸದ ಥರ ಪಾಲಿಸ್ತಿದ್ವಿ. ಬಿಲ್ ಡೇಟಿಂದ 180 ದಿನದೊಳಗೆ ಸಪ್ಲೈಯರ್‌ಗೆ ಕೊಡ್ಲಿಲ್ಲ ಅಂದ್ರೆ ನಾವು ತಗೊಂಡಿರೋ ಇನ್‌ಪುಟ್ ಕ್ರೆಡಿಟ್ (ಅವರ ಬಿಲ್ಲಿನ ಜಿಎಸ್‌ಟಿನ ನಮ್ಮ ಜಿಎಸ್‌ಟಿಯಲ್ಲಿ ಕಳೆದಿದ್ದು) ಬಡ್ಡಿ ಸಮೇತ ವಾಪಸ್ ಕಟ್ಬೇಕು. ಅದಕ್ಕೆ ಅಂತ ಒಂದು ಎಕ್ಸೆಲ್ ಇತ್ತು, 170 ದಾಟಿದ್ದೆಲ್ಲಾ ಕೆಂಪು ಬಣ್ಣಕ್ಕೆ ತಿರುಗೋದು, ಕೆಂಪಾದ್ರೆ ಸಾಹೇಬ್ರು ಟೂರಲ್ಲಿದ್ರೂ ಸೈನ್ ಆಗ್ತಿತ್ತು. ಅದೇ ಜನ, ಅದೇ ವೆಂಡರ್, ಅದೇ ಬಿಲ್ಲು. ಒಂದು ಕಾನೂನಿಗೆ ಕ್ಯಾರೇ ಅನ್ನಲ್ಲ, ಇನ್ನೊಂದಕ್ಕೆ ಓಡೋಡಿ ಕಟ್ತೀವಿ. ಇದನ್ನ ನಾನು ಆಗ ಯೋಚ್ನೆನೇ ಮಾಡಿರ್ಲಿಲ್ಲ, ಆಮೇಲೆ ಹೊಳೆದಿದ್ದು.

ಹೊಳೆಸಿದ್ದು 43ಬಿ(ಎಚ್) ಅನ್ನೋ ಸೆಕ್ಷನ್. 2023ರ ಬಜೆಟ್‌ನಲ್ಲಿ ಇನ್‌ಕಂ ಟ್ಯಾಕ್ಸ್ ಕಾಯ್ದೆಗೆ ಸೇರಿಸಿದ್ದು, 2023-24ರ ಲೆಕ್ಕದಿಂದಾನೇ ಅನ್ವಯ. ವಿಷಯ ಸಿಂಪಲ್ಲು. ಮೈಕ್ರೋ ಅಥವಾ ಸ್ಮಾಲ್ ಉದ್ದಿಮೆಗೆ ಆ 15/45 ದಿನದ ಗಡುವು ದಾಟಿಯೂ ದುಡ್ಡು ಕೊಡದೇ ಮಾರ್ಚ್ 31 ಕಳೆದ್ರೆ, ಆ ಖರ್ಚನ್ನ ಆ ವರ್ಷ ಖರ್ಚು ಅಂತ ಒಪ್ಪಲ್ಲ, ಕೊಟ್ಟ ವರ್ಷ ಮಾತ್ರ ಒಪ್ತಾರೆ. ಬೇರೆ ಕೆಲವು ಬಾಕಿಗಳಿಗೆ ರಿಟರ್ನ್ ಹಾಕೋ ತನಕ ಟೈಮ್ ಇರುತ್ತೆ, ಇದಕ್ಕೆ ಆ ವಿನಾಯ್ತಿನೂ ಇಲ್ಲ.

2024ರ ಜನವರೀಲಿ ನಮ್ಮ ಆಡಿಟರ್ ಬಂದು ಏಜಿಂಗ್ ರಿಪೋರ್ಟ್, ಅಂದ್ರೆ ಯಾವ ಬಾಕಿ ಎಷ್ಟು ದಿನದ್ದು ಅನ್ನೋ ಪಟ್ಟಿ, ಕೇಳಿದ್ರು. ಸಣ್ಣ ವೆಂಡರ್‌ಗಳ ಹಳೇ ಬಾಕಿ 4 ಕೋಟಿ ಹತ್ರ ಇತ್ತು. ಅವರು ಕ್ಯಾಲ್ಕುಲೇಟರ್ ಕೂಡ ತೆಗೀಲಿಲ್ಲ, "ಈ 4 ಕೋಟಿ ಲಾಭಕ್ಕೆ ಸೇರುತ್ತೆ, ನಿಮ್ಮ ಟ್ಯಾಕ್ಸ್ ರೇಟು 25.17, ಅಂದ್ರೆ ಮಾಡದೇ ಇರೋ ಲಾಭಕ್ಕೆ 1 ಕೋಟಿ ಟ್ಯಾಕ್ಸು" ಅಂದ್ರು. ಮುಂದಿನ ವರ್ಷ ವೆಂಡರ್‌ಗೆ ಕೊಟ್ಮೇಲೆ ಅದನ್ನ ಖರ್ಚಲ್ಲಿ ತೋರಿಸ್ಕೋಬಹುದು ನಿಜ, ಆದ್ರೆ ಈ ವರ್ಷ ಕೈಯಿಂದ ಕ್ಯಾಶ್ ಹೋಗುತ್ತಲ್ಲ. ನಮ್ಮ ಸಿಎಫ್‌ಒ (ಫೈನಾನ್ಸ್ ಮುಖ್ಯಸ್ಥರು) ಮುಖ ನೋಡ್ಬೇಕಿತ್ತು. 2006ರ ಕಾಯ್ದೆಯ ಪೂರ್ತಿ ಚಕ್ರಬಡ್ಡಿ ಮಾಡದ್ದನ್ನ ಈ ಒಂದು ವಾಕ್ಯ ಹತ್ತು ಸೆಕೆಂಡಲ್ಲಿ ಮಾಡ್ತು. ಮೂಗು ಹಿಡಿದ್ರೆ ಬಾಯಿ ತಾನೇ ತೆರೆಯುತ್ತೆ ಅಂತಾರಲ್ಲ, ಹಾಗೆ. ಯಜಮಾನ್ರು ದೂರು ಕೊಡೋದೇ ಬೇಡ, ಕೌನ್ಸಿಲ್ ಬೇಡ, ನೋಟಿಸ್ ಬೇಡ, ನಮ್ಮ ಆಡಿಟರೇ ನಮ್ಮ ಕಾಗದದಲ್ಲೇ ನಮ್ಮನ್ನ ಹಿಡೀತಾರೆ. 180 ದಿನದ ಗುಟ್ಟೂ ಇದೇ ಅಂತ ಅವತ್ತು ಅರ್ಥ ಆಯ್ತು. ಎಷ್ಟು ದೊಡ್ಡ ಶಿಕ್ಷೆ ಅನ್ನೋದಲ್ಲ ನಮ್ಮಂಥ ಕಂಪ್ನಿ ನೋಡೋದು, ಯಾರೂ ಬಾಯಿ ಬಿಡದೇ ಇದ್ರೂ ಬಂದು ಬೀಳುತ್ತಾ ಅಂತ.

ತಕ್ಷಣ ಕಂಪ್ನಿ ಒಳ್ಳೇದಾಯ್ತು ಅಂದ್ಕೊಂಡ್ರಾ, ಇಲ್ಲ. ಕಾನೂನು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋರು. ಮೊದಲ ಐಡಿಯಾ ಪರ್ಚೇಸ್‌ನೋರದ್ದು, "ನಾವು ಎಮ್‌ಎಸ್‌ಎಂಇ ಅಲ್ಲ" ಅಂತ ವೆಂಡರ್‌ಗಳಿಂದ ಬರೆಸ್ಕೊಂಡ್ಬಿಡೋಣ, ಉದ್ಯಮ್ ರಿಜಿಸ್ಟ್ರೇಷನ್ (ಎಮ್‌ಎಸ್‌ಎಂಇ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ) ಇರೋರು ಕ್ಯಾನ್ಸಲ್ ಮಾಡಿಸ್ಲಿ, ಇಲ್ಲಾಂದ್ರೆ ಮುಂದಿನ ಆರ್ಡರ್ ಕಷ್ಟ ಅಂತ ಹೇಳೋಣ. ಆ ಕಾಗದ ಡ್ರಾಫ್ಟ್ ಮಾಡಿದ್ದು ನಾನು. ಮೇಲಿನೋರು ಹೇಳಿದ್ರು ಅಂತ ಹೇಳ್ಬಹುದು, ಹೇಳಿದ್ದೂ ನಿಜ, ಆದ್ರೆ ಭಾಷೆ ನಂದೇ, "ಪರಸ್ಪರ ಅನುಕೂಲಕ್ಕಾಗಿ" ಅಂತ ಬೇರೆ ಸೇರಿಸಿದ್ದೆ.

ಗುರುವಾರ ಯಜಮಾನ್ರು ಆ ಪ್ರಿಂಟ್ ಹಿಡ್ಕೊಂಡು ಬಂದ್ರು. ಕೂರ್ಲಿಲ್ಲ. "ಬ್ಯಾಂಕ್‌ನೋರು ಶ್ಯೂರಿಟಿ ಇಲ್ದೆ ನಂಗೆ ಸಿಎನ್‌ಸಿಗೆ ಸಾಲ ಕೊಟ್ಟಿರೋದೇ ಈ ಉದ್ಯಮ್ ನಂಬರ್ ನೋಡಿ ಮೇಡಂ, ಇದನ್ನ ಕ್ಯಾನ್ಸಲ್ ಮಾಡಿದ್ರೆ ಅವರಿಗೆ ಏನಂತ ಹೇಳ್ಲಿ, ನೀವೇ ಬರ್ಕೊಡಿ" ಅಂದ್ರು. ನನ್ನ ನೆಪದ ಪಟ್ಟೀಲಿ ಇದಕ್ಕೆ ಉತ್ತರ ಇರ್ಲಿಲ್ಲ. ಒಳಗೆ ಹೋಗಿ ಸಿಎಫ್‌ಒಗೆ ಹೇಳಿದೆ. ಅಷ್ಟರಲ್ಲಿ ಆಡಿಟರೂ ಹೇಳಿದ್ರಂತೆ, ಮಾಲು ತಗೊಂಡಾಗ ರಿಜಿಸ್ಟ್ರೇಷನ್ ಇತ್ತಲ್ಲ, ಈಗ ಹರಿದು ಹಾಕಿದ್ರೆ ನಾನು ಒಪ್ಪಲ್ಲ ಅಂತ. ಕಾಗದ ವಾಪಸ್ ತಗೊಂಡ್ವಿ. ನನ್ನ ಮನಸ್ಸಾಕ್ಷಿಯಿಂದ ಆಗಿದ್ದಲ್ಲ ಅದು, ಆಡಿಟರ್ ಸೈನ್ ಹಾಕಲ್ಲ ಅಂದಿದ್ದಕ್ಕೆ ಆಗಿದ್ದು, ಇದ್ದದ್ದು ಇದ್ದಂಗೆ ಹೇಳ್ತಿದೀನಿ.

ಎರಡ್ನೇ ಐಡಿಯಾ ಇನ್ನೂ ಚೆನ್ನಾಗಿತ್ತು, 45 ದಿನದ ಲೆಕ್ಕ ಶುರುವಾಗೋದೇ ತಡ ಮಾಡೋದು. ಮಾಲು ಒಳಗೆ ಬಂದ್ರೂ ಸ್ಟೋರ್ಸ್‌ನೋರು ಜಿಆರ್‌ಎನ್ ಹಾಕದೇ ಮೂರು ವಾರ ರ್‍ಯಾಕ್ ಪಕ್ಕ ಇಡೋದು, ಇನ್ನೂ ಅಕ್ಸೆಪ್ಟ್ ಮಾಡಿಲ್ಲ ಅನ್ನೋದು. ಕಾಯ್ದೆ ಬರೆದೋರು ನಮ್ಮಂಥೋರನ್ನ ನೋಡೇ ಬರೆದಿದಾರೆ ಅನ್ಸುತ್ತೆ, ಮಾಲು ಬಂದ 15 ದಿನದೊಳಗೆ ಬರವಣಿಗೇಲಿ ತಕರಾರು ಹೇಳ್ಲಿಲ್ಲ ಅಂದ್ರೆ ಡೆಲಿವರಿ ಆದ ದಿನಾನೇ ಒಪ್ಕೊಂಡ ದಿನ ಅಂತ ಅದರಲ್ಲೇ ಇದೆ. ಆಡಿಟರ್ ಜೊತೆ ಬಂದಿದ್ದ ಆರ್ಟಿಕಲ್ ಹುಡುಗಿ (ಸಿಎ ಟ್ರೈನಿಂಗ್‌ನಲ್ಲಿದ್ದೋಳು), ಇಪ್ಪತ್ತೊಂದು ವರ್ಷ ಇರ್ಬೇಕು, ಸೀದಾ ಗೇಟಿಗೆ ಹೋಗಿ ಸೆಕ್ಯೂರಿಟಿ ಇನ್‌ವರ್ಡ್ ರಿಜಿಸ್ಟರ್ ಎತ್ಕೊಂಡು ಬಂದ್ಲು. ನಮ್ಮ ಇಆರ್‌ಪಿ ಸಾಫ್ಟ್‌ವೇರಲ್ಲಿ ಇಲ್ಲದ ಸತ್ಯ ಎಲ್ಲಾ ಅಲ್ಲಿ ನೀಲಿ ಪೆನ್ನಲ್ಲಿತ್ತು, ಡೆಲಿವರಿ ಚಲನ್ ನಂಬರ್, ಗಾಡಿ ನಂಬರ್, ಟೈಮು ಸಮೇತ. ಜಿಆರ್‌ಎನ್ ಡೇಟು ಪಕ್ಕದಲ್ಲಿಟ್ಟು ಟಿಕ್ ಹಾಕ್ತಾ ಹೋದ್ಲು. ಆವತ್ತಿಂದ ನಾನೂ ಯಾವ ಡೌಟ್ ಬಂದ್ರೂ ಮೊದಲು ಗೇಟ್ ರಿಜಿಸ್ಟರ್ ನೋಡ್ತೀನಿ, ಹೊಸದಾಗಿ ನಮ್ಮ ಡಿಪಾರ್ಟ್‌ಮೆಂಟಿಗೆ ಬರೋರಿಗೂ ಅದನ್ನೇ ಹೇಳ್ತೀನಿ.

ಕೊನೆಗೆ 2024ರ ಮಾರ್ಚ್‌ನಲ್ಲಿ ಕೊಟ್ವಿ. ಒಂದೇ ತಿಂಗಳಲ್ಲಿ ಅಷ್ಟೂ ಬಾಕಿ, ಅದಕ್ಕೆ ಬ್ಯಾಂಕಿಂದ ಸಾಲ ತಗೊಂಡು. 30ನೇ ತಾರೀಕು ರಾತ್ರಿ ಒಂಬತ್ತೂವರೆ ತನಕ ಆರ್‌ಟಿಜಿಎಸ್ ಹಾಕ್ತಾ ಕೂತಿದ್ದೆ.

ಆದ್ರೆ ಈ ಸೆಕ್ಷನ್‌ಗೂ ಒಂದು ತೂತಿದೆ, ಅದು ನೋಡೋದು ಮಾರ್ಚ್ 31ನ್ನ ಮಾತ್ರ. ಜೂನ್‌ನಲ್ಲಿ ಬಂದ ಮಾಲಿಗೆ ಡಿಸೆಂಬರ್‌ನಲ್ಲಿ ಕೊಟ್ರೂ ಅದೇ ವರ್ಷದೊಳಗೆ ಕೊಟ್ಟಂಗಾಯ್ತು, ಟ್ಯಾಕ್ಸಲ್ಲಿ ಏನೂ ಆಗಲ್ಲ. ಆರು ತಿಂಗಳು ಸತಾಯಿಸಿದ್ದಕ್ಕೆ ಬಡ್ಡಿ ಇದೆ, ಆದ್ರೆ ಮತ್ತದೇ, ಕೇಳೋರ್ಯಾರು. ಹಾಗಾಗಿ ಏಪ್ರಿಲ್‌ನಲ್ಲಿ ಪರ್ಚೇಸ್‌ನೋರು ಹಳೇ ಚಾಳಿಗೆ ವಾಪಸ್ ಹೋಗೋಣ, ಮಾರ್ಚ್‌ನಲ್ಲಿ ನೋಡ್ಕೊಳೋಣ ಅಂದ್ರು. ಬೇಡ ಅಂದಿದ್ದು ಸಿಎಫ್‌ಒ, ವೆಂಡರ್ ಮೇಲಿನ ಪ್ರೀತಿಯಿಂದ ಅಲ್ಲ, ವರ್ಷದ ಕೊನೇಲಿ ಅಷ್ಟು ದುಡ್ಡು ಒಟ್ಟಿಗೆ ಹೊಂದಿಸೋ ತಲೆನೋವು ಇನ್ನೊಂದ್ಸಲ ಬೇಡ ಅಂತ. ಸಿಸ್ಟಂನಲ್ಲೇ ಉದ್ಯಮ್ ನಂಬರ್ ಇರೋ ಸಪ್ಲೈಯರ್‌ಗಳಿಗೆಲ್ಲಾ ಟರ್ಮ್ಸ್ 45ಕ್ಕೆ ಲಾಕ್ ಮಾಡಿಸಿದ್ರು, ಲೆಕ್ಕ ಶುರುವಾಗೋ ಡೇಟು ಗೇಟಿನ ಇನ್‌ವರ್ಡ್ ಸೀಲ್‌ದು. ಈಗ ನಾನು ನೆಪ ಹೇಳೋಣ ಅಂದ್ರೂ ಸಿಸ್ಟಂ ಬಿಡಲ್ಲ. ನಂಗೆ ಇದರಿಂದ ಎಷ್ಟು ನೆಮ್ಮದಿ ಅಂದ್ರೆ, ಗುರುವಾರ ಬೆಳಿಗ್ಗೆ ಫೋನ್ ಸೈಲೆಂಟ್ ಮಾಡೋ ಅಭ್ಯಾಸನೇ ಹೋಯ್ತು.

2025ರ ಏಪ್ರಿಲ್ 1ರಿಂದ ಲಿಮಿಟ್‌ಗಳೂ ಬದಲಾದ್ವು. ಸ್ಮಾಲ್ ಅನ್ನೋಕೆ ಮೊದಲು ಟರ್ನ್‌ಓವರ್ 50 ಕೋಟಿ ಮಿತಿ ಇತ್ತು, ಈಗ 100 ಕೋಟಿ, ಹೂಡಿಕೆ 10ರಿಂದ 25 ಕೋಟಿಗೆ ಹೋಯ್ತು. ನಮ್ಮ ಕ್ಯಾಸ್ಟಿಂಗ್ ಸಪ್ಲೈಯರ್ ಒಬ್ರು ಮೀಡಿಯಂ ಆಗಿದ್ರು, 70 ಕೋಟಿ ವ್ಯಾಪಾರ, ಅವರನ್ನ ನಾವು ಆರಾಮಾಗಿ 90 ದಿನ ಕಾಯಿಸ್ತಿದ್ವಿ, ಅವರು ರಾತ್ರೋರಾತ್ರಿ ಸ್ಮಾಲ್ ಆಗಿ 45ರ ಲಿಸ್ಟಿಗೆ ಬಂದ್ರು. ಅವರ ಫ್ಯಾಕ್ಟ್ರಿ ಒಂದಿಂಚೂ ಚಿಕ್ಕದಾಗಿಲ್ಲ, ನಮ್ಮ ನಡತೆ ಮಾತ್ರ ಬದಲಾಯ್ತು.

ಯಜಮಾನ್ರು ಈಗ ಬರಲ್ಲ. ಒಂದೆರಡು ಸಲ ಫೋನ್ ಮಾಡಿದ್ರು, ಒಂದ್ಸಲ ಮಗಳ ಮದುವೆ ಕಾರ್ಡ್ ಕೊಡೋಕೆ ಡ್ರೈವರ್ ಕಳ್ಸಿದ್ರು. ಆ ಕುರ್ಚಿ ಖಾಲಿ ಇದೆ ಅಂತ ತಿಳ್ಕೋಬೇಡಿ. ಬೇರಿಂಗು ಬೋಲ್ಟು ತಂದು ಕೊಡೋ ಹಾರ್ಡ್‌ವೇರ್ ಅಂಗಡಿಯೋರು ಕೂರ್ತಾರೆ. ಅವರ ಹತ್ರನೂ ಉದ್ಯಮ್ ನಂಬರ್ ಇದೆ, ಆದ್ರೆ ಅವರು ತಯಾರಿಸೋರಲ್ಲ, ಟ್ರೇಡರ್. 2021ರಲ್ಲಿ ಟ್ರೇಡರ್‌ಗಳಿಗೆ ಆ ನಂಬರ್ ಕೊಟ್ಟಿದ್ದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ, 45 ದಿನದ ರಕ್ಷಣೆ ಅವರಿಗಿಲ್ಲ, ಹಾಗಾಗಿ ಸಿಸ್ಟಂನಲ್ಲಿ ಅವರದ್ದು ಇನ್ನೂ 90 ದಿನಾನೇ. ಈ ಗುರುವಾರನೂ ಬಂದಿದ್ರು. "ಮೇಡಂ, ಪಕ್ಕದ ಶೆಡ್‌ನೋರಿಗೆಲ್ಲಾ ಒಂದೂವರೆ ತಿಂಗಳಿಗೆ ಬರುತ್ತಂತೆ, ನಮ್ದು ಯಾಕಿಲ್ಲ?" ಅಂದ್ರು. ಸಾಹೇಬ್ರು ಟೂರಲ್ಲಿದಾರೆ ಅಂದೆ.