ಒಂದು ಮಗ್ ಸಿಹಿ ನೀರು

ಇಂಡೋನೇಷ್ಯಾದ ಲೊಂಬೋಕ್‌ನಿಂದ ಲಬುವಾನ್ ಬಾಜೊಗೆ ಮರದ ದೋಣಿಯಲ್ಲಿ 4 ದಿನ, 3 ರಾತ್ರಿ. ಕೋಲಾರಕ್ಕೆ ಬಂದು ಎರಡು ದಿನ ಆಯ್ತು, ಮಲಗಿದರೆ ಮಂಚ ಇನ್ನೂ ತೂಗುತ್ತದೆ. ರೂಮಿಗೆ ದುಡ್ಡು ಜಾಸ್ತಿ ಅಂತ ಡೆಕ್ ಮೇಲೆ ಮಲಗಿದ್ದೆ. ತೆಳು ಹಾಸಿಗೆ, ಪಕ್ಕದವರ ಮೊಣಕೈ ನನ್ನ ಬೆನ್ನಿಗೆ, ರಾತ್ರಿಯಿಡೀ ಎಂಜಿನ್ ಸದ್ದು.

ಕಾಲೊಂಗ್ ದ್ವೀಪದ ಹತ್ತಿರ ಸಂಜೆ ಲಂಗರು ಹಾಕಿದರು. ಕತ್ತಲಾಗುತ್ತಿದ್ದ ಹಾಗೆ ಮ್ಯಾಂಗ್ರೋವ್ ಮರಗಳಿಂದ ದೊಡ್ಡ ದೊಡ್ಡ ಬಾವಲಿಗಳು ಎದ್ದು ಹೊರಟವು. ಸಾಲು ಮುಗಿಯಲೇ ಇಲ್ಲ. ಯಾರೂ ಮಾತಾಡಲಿಲ್ಲ. ಕೊಮೊಡೊ ಉಡಕ್ಕಿಂತ ನನಗೆ ಅದೇ ಜಾಸ್ತಿ ನೆನಪು.

ಸಟೊಂಡ ದ್ವೀಪದ ನಡುವೆ ಒಂದು ಕೆರೆ ಇದೆ. ಕೋಲಾರದವಳು ನಾನು, ತುಂಬಿದ ಕೆರೆ ಕಂಡರೆ ಜೀವ ತಂಪಾಗುತ್ತದೆ. ಬೊಗಸೆಯಲ್ಲಿ ತಗೊಂಡು ಬಾಯಿಗೆ ಹಾಕಿಕೊಂಡೆ. ಉಪ್ಪು! ಹಳೇ ಜ್ವಾಲಾಮುಖಿಯ ಬಾಯಿ ಅದು.

ದೋಣಿಯಲ್ಲಿ ಸಿಹಿ ನೀರು ಲೆಕ್ಕದ್ದು. ಸಮುದ್ರದಲ್ಲಿ ಈಜಿ ಬಂದು ಒಂದೇ ಮಗ್‌ನಲ್ಲಿ ಮೈ ತೊಳೆದುಕೊಳ್ಳಬೇಕು. ಜೊತೆಗಿದ್ದವರಿಗೆ ಕಷ್ಟ ಆಯ್ತು, ನನಗೆ ಆಗಲಿಲ್ಲ. ಟ್ಯಾಂಕರ್ ದಾರಿ ಕಾದು ಬೆಳೆದವಳಲ್ವಾ.

ಇವತ್ತು ಬೆಳಗ್ಗೆ ಅಮ್ಮ ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಸುಮ್ನೆ ನಿಂತು ನೋಡಿದೆ. ಕೊನೆಗೆ ಪಾತ್ರೆ ಅಲ್ಲಾಡಿಸಿ, ತಳದ ಹನಿಯನ್ನೂ ಬುಡಕ್ಕೇ ಬಿಟ್ಟಳು.