ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ‘ಟಕ್’ ಅಂದರೆ ಹೌಸಿಂಗ್ ಹೋಯಿತೇ?

ಚಿಕ್ಕಮಗಳೂರಿನ ಸುತ್ತಮುತ್ತ ಹಳೆಯ ಕಾರು ಇಟ್ಟುಕೊಂಡವರು ಯಾರೇ ಸಿಕ್ಕರೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಆಕ್ಸಿಲರೇಟರಿಂದ ಕಾಲು ತೆಗೆದು ಮತ್ತೆ ಒತ್ತಿದ್ರೆ ಹಿಂದುಗಡೆ ಟಕ್ ಅಂತದೆ. ಹೌಸಿಂಗ್ ಹೋಯ್ತಾ ಸಾರ್?” ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್ ನಡುವಿನ ಗುಂಡು ಭಾಗ; ಎಳೆತವನ್ನು ಎರಡು ಚಕ್ರಕ್ಕೂ ಹಂಚುವ ಡಿಫರೆನ್ಷಿಯಲ್ ಗೇರುಗಳು ಇರುವುದು ಅದರೊಳಗೆ. ನಮ್ಮ ಕಡೆ ಈ ಪ್ರಶ್ನೆ ಹೆಚ್ಚು ಬರುವುದು ಸಹಜ. ಕೈಮರದಿಂದ ಮೇಲೆ ಹತ್ತಿದರೂ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೂ ತಿರುವು ತಿರುವಿಗೆ ಕಾಲು ಬಿಡಬೇಕು, ಒತ್ತಬೇಕು. ನೇರ ಹೆದ್ದಾರಿಯಲ್ಲಿ ಅಡಗಿ ಕೂತ ಸದ್ದು ಘಾಟಿಯಲ್ಲಿ ಹೊರಗೆ ಬರುತ್ತದೆ.

ನನ್ನ ಉತ್ತರ: ಬಹುಮಟ್ಟಿಗೆ ಹೋಗಿರುವುದಿಲ್ಲ. ಪ್ಲೇ, ಅಂದರೆ ಜೋಡಣೆಯ ಸಡಿಲ, ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಕೈಯಿಂದ ಮುಟ್ಟಿ ನೋಡುವ ತನಕ ಡಿಫರೆನ್ಷಿಯಲ್ ಬಿಚ್ಚಲು ಯಾರಿಗೂ ಬಿಡಬೇಡಿ.

ಎಂಜಿಬಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಎಂಜಿನ್ನಿನ ಬಲ ಚಕ್ರ ಮುಟ್ಟುವುದು ಇವುಗಳ ಮೂಲಕ: ಕ್ಲಚ್ ಪ್ಲೇಟಿನ ಸ್ಪ್ರಿಂಗು, ಗೇರುಗಳ ಹಲ್ಲು, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಎರಡು ಜಾಯಿಂಟ್ ಕ್ರಾಸ್ (ಬಾಗಿ ತಿರುಗಲು ಬಿಡುವ ಕೀಲು), ಆ ಶಾಫ್ಟಿನ ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ ಜೋಡಣೆ), ಹೌಸಿಂಗ್ ಒಳಗಿನ ದೊಡ್ಡ ಗೇರು ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್, ಡಿಫರೆನ್ಷಿಯಲ್ ಒಳಗಿನ ಪುಟ್ಟ ಗೇರುಗಳು, ಆಕ್ಸಲ್ ಸ್ಪ್ಲೈನ್, ಕೊನೆಗೆ ವೀಲಿನ ಹಬ್. ಒಂದೊಂದರಲ್ಲೂ ಹೊಸದರಲ್ಲೇ ಚೂರು ಪ್ಲೇ ಇರುತ್ತದೆ, ಇರಲೇಬೇಕು. ನಿಮಗೆ ಕೇಳಿಸುವ ‘ಟಕ್’ ಇವೆಲ್ಲದರ ಮೊತ್ತ. ಆ ಮೊತ್ತವನ್ನು ಒಂದೇ ಭಾಗದ ತಲೆಗೆ ಕಟ್ಟುವುದರಿಂದಲೇ ದುಡ್ಡು ಪೋಲಾಗುವುದು.

ಚಕ್ರ ಎತ್ತಿ ಅಲ್ಲಾಡಿಸಿದ ಕೂಡಲೇ ಗಾಬರಿಯಾಗುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಎಂಜಿಬಿಯ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 11. ಅಂದರೆ ಅನುಪಾತ 3.909. ಪ್ರೊಪೆಲ್ಲರ್ ಶಾಫ್ಟಿನಲ್ಲಿ 8 ಡಿಗ್ರಿ ಪ್ಲೇ ಇದ್ದರೆ ಕ್ರೌನ್ ತಿರುಗುವುದು ಸುಮಾರು 2 ಡಿಗ್ರಿ. ಆದರೆ ಒಂದು ಚಕ್ರ ನೆಲದ ಮೇಲೆ ನಿಂತಿದ್ದು ಇನ್ನೊಂದನ್ನು ಮಾತ್ರ ಎತ್ತಿದ್ದರೆ ಡಿಫರೆನ್ಷಿಯಲ್ ಅದನ್ನು ಎರಡು ಪಟ್ಟು ಮಾಡುತ್ತದೆ: ಎತ್ತಿದ ಚಕ್ರ 4 ಡಿಗ್ರಿ ತಿರುಗುತ್ತದೆ. ಟೈರಿನ ಅಂಚಿನಲ್ಲಿ ಅದು 2 ಸೆಂಟಿಮೀಟರಿಗೂ ಹೆಚ್ಚು. ನೋಡಿದವರಿಗೆ ಒಳಗೆಲ್ಲ ಪುಡಿಯಾಗಿದೆ ಅನ್ನಿಸುತ್ತದೆ. ಹಾಗೇನೂ ಆಗಿರುವುದಿಲ್ಲ.

ಪರೀಕ್ಷೆಗೆ ಸಮತಟ್ಟಾದ ಗಟ್ಟಿ ನೆಲ ಬೇಕು. ತೋಟದವರಿಗೆ ಅದು ಮನೆ ಮುಂದೆಯೇ ಇದೆ: ಕೊಯ್ಲಿಲ್ಲದ ತಿಂಗಳಲ್ಲಿ ಖಾಲಿ ಬಿದ್ದಿರುವ ಕಾಫಿ ಕಣದ ಸಿಮೆಂಟ್ ನೆಲ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ. ಬರೀ ಜಾಕ್ ನಂಬಿ ಯಾವತ್ತೂ ಕೆಳಗೆ ನುಗ್ಗಬೇಡಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಡಲೇಬೇಕು.

ಮೊದಲು ಚಕ್ರ. ವೈರ್ ವೀಲ್ (ಕಡ್ಡಿ ಚಕ್ರ) ಇದ್ದರೆ ಒಬ್ಬರು ಫುಟ್‌ಬ್ರೇಕನ್ನು ಬಲವಾಗಿ ತುಳಿದು ಹಿಡಿಯಲಿ, ನೀವು ಎತ್ತಿದ ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ. ಡ್ರಮ್ ಬಿಗಿಯಾಗಿ ನಿಂತಿದ್ದೂ ಚಕ್ರ ಅಲ್ಲಾಡಿದರೆ ಹಬ್ಬಿನ ಸ್ಪ್ಲೈನ್ ಸವೆದಿದೆ. ಚಕ್ರ ಬಿಚ್ಚಿ ನೋಡಿ: ತಲೆ ಚಪ್ಪಟೆಯಾಗಿರಬೇಕಾದ ಹಲ್ಲುಗಳು ಚೂಪಾಗಿರುತ್ತವೆ. ಮಳೆಗಾಲವಿಡೀ ಶೆಡ್ಡಿನಲ್ಲಿ ಗ್ರೀಸ್ ಇಲ್ಲದೆ ನಿಂತ ಕಾರಿನಲ್ಲಿ ಇದು ಮಾಮೂಲು.

ಆಮೇಲೆ ಜಾಯಿಂಟ್ ಕ್ರಾಸ್. ಕ್ರಾಸಿನ ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೂ ಅದು ಮುಗಿದ ಹಾಗೆ. ಕ್ರಾಸಿನ ತುದಿಯ ಬೇರಿಂಗ್ ಕಪ್‌ಗಳ ಸುತ್ತ ಕೆಂಪು ಪುಡಿ ಇದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕು ಹಿಡಿದಿದೆ ಎನ್ನುತ್ತಾರೆ. ಮಾತು ಸರಿ, ಆದರೆ ಮಲೆನಾಡಿನ ಮಣ್ಣೂ ಕೆಂಪೇ! ಹಾಗಾಗಿ ಮೊದಲು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಒಣ ಟಾರು ರಸ್ತೆಯಲ್ಲಿ ಒಂದಿಷ್ಟು ಓಡಿಸಿ, ಮತ್ತೆ ನೋಡಿ. ಪುಡಿ ಮರಳಿ ಬಂದಿದ್ದರೆ ಅದು ತುಕ್ಕು. ನಿಧಾನ ಹೋಗುವಾಗ ವೇಗಕ್ಕೆ ತಕ್ಕಂತೆ ಗುಬ್ಬಿಯ ಹಾಗೆ ಚೀಂ ಚೀಂ ಅಂದರಂತೂ ಅನುಮಾನವೇ ಬೇಡ. ಈ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ತೋಟದ ಜೀಪುಗಳಿಗೆ ದಿನವೂ ಕ್ರಾಸ್ ಬದಲಿಸುವ ಕೈಗಳು ನಮ್ಮೂರಲ್ಲೇ ಇವೆ, ಆ ಕೈಗಳ ಮೇಲೆ ನನಗೆ ಪೂರ್ತಿ ನಂಬಿಕೆ.

ಕ್ರಾಸ್ ಚೆನ್ನಾಗಿದ್ದರೆ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಎತ್ತಿದ ಚಕ್ರವನ್ನು ಮೆಲ್ಲಗೆ ಆಚೀಚೆ ತಿರುಗಿಸುತ್ತಾ ಪಿನಿಯನ್ ಫ್ಲ್ಯಾಂಜಿನ (ಶಾಫ್ಟ್ ಬಂದು ಹೌಸಿಂಗಿಗೆ ಸೇರುವ ತಟ್ಟೆ) ಮೇಲೆ ಕಣ್ಣಿಡಿ. ಚಕ್ರ ತಿರುಗುತ್ತಿದ್ದರೂ ಫ್ಲ್ಯಾಂಜ್ ಕದಲದಿದ್ದರೆ ಅಷ್ಟು ಪ್ಲೇ ಆಕ್ಸಲ್ ಒಳಗಿದೆ. ಫ್ಲ್ಯಾಂಜ್ ಜೊತೆಜೊತೆಗೇ ಕದಲಿದರೆ ತಪ್ಪು ಮುಂದೆ ಎಲ್ಲೋ ಇದೆ, ಹೌಸಿಂಗ್ ನಿರಪರಾಧಿ.

ಮುಂದೆ ಅಂದರೆ ಗೇರ್‌ಬಾಕ್ಸೇ ಆಗಬೇಕಿಲ್ಲ. ಶಾಫ್ಟನ್ನು ಕೈಯಿಂದ ತಿರುಚಿ ಒಂದನೇ ಗೇರಿನಲ್ಲಿ ಎಷ್ಟು ಪ್ಲೇ, ನಾಲ್ಕನೆಯದರಲ್ಲಿ ಎಷ್ಟು ಎಂದು ಸೀಮೆಸುಣ್ಣದ ಗುರುತು ಹಾಕಿ ಹೋಲಿಸಿ. ನಾಲ್ಕನೇ ಗೇರು ನೇರ, ಹಲ್ಲುಗಳ ಮೂಲಕ ಹೋಗುವುದೇ ಇಲ್ಲ. ಕ್ಲಚ್ ಪ್ಲೇಟಿನ ಸಡಿಲ ಅದರಲ್ಲಿ ಪೂರ್ತಿ ಕಾಣುತ್ತದೆ. ಒಂದನೇ ಗೇರಿನಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಿ ಬರುತ್ತದೆ. ನಾಲ್ಕರಲ್ಲೇ ಹೆಚ್ಚಿದ್ದರೆ ಕ್ಲಚ್ ಕಡೆ ನೋಡಿ.

ಪ್ಲೇ ಆಕ್ಸಲ್ ಒಳಗೇ ಇದೆ ಎಂದು ಖಚಿತವಾದರೂ ಕ್ರೌನ್-ಪಿನಿಯನ್ ಸೆಟ್ ತರಿಸಲು ಓಡಬೇಡಿ. ಹಲ್ಲು ಸವೆದಿದ್ದರೆ ಅದು ಹಾಡುತ್ತದೆ: ಎಳೆಯುವಾಗ ಒಂದು ಸ್ವರ, ಕಾಲು ಬಿಟ್ಟಾಗ ಇನ್ನೊಂದು. ‘ಟಕ್’ ಮಾತ್ರ ಇದ್ದು ಹಾಡು ಇಲ್ಲದಿದ್ದರೆ ಪುಟ್ಟ ಗೇರುಗಳ ಹಿಂದಿನ ಥ್ರಸ್ಟ್ ವಾಷರುಗಳನ್ನು ನಾನು ಮೊದಲು ಅನುಮಾನಿಸುತ್ತೇನೆ. ಎಂಜಿಬಿಯ ನಂತರದ ಮಾದರಿಗಳ ಆಕ್ಸಲ್‌ನಲ್ಲಿ ಹಿಂದಿನ ಮುಚ್ಚಳ ತೆಗೆದು, ಆಕ್ಸಲ್ ಇಳಿಸದೆಯೇ ಅವನ್ನು ಬದಲಿಸಬಹುದು. ಇಷ್ಟು ಸಣ್ಣ ವಾಷರಿಗಾಗಿ ಇಡೀ ಡಿಫರೆನ್ಷಿಯಲ್ ಬದಲಿಸಿದವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಪ್ಲೇಯೇ ಅಲ್ಲದ ಕಾರಣಗಳು. ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿನ ರಬ್ಬರ್ ಹರಿದಿರಬಹುದು, ಪಟ್ಟಾ ಸ್ಪ್ರಿಂಗಿನ ಯು-ಬೋಲ್ಟ್ ಸಡಿಲವಾಗಿರಬಹುದು. ಸದ್ದು ಹೆಚ್ಚುಕಡಿಮೆ ಅದೇ. ಕಬ್ಬಿಣದ ಸದ್ದಿಲ್ಲದೆ ಬರೀ ಜಗ್ಗಿದಂತಾದರೆ ಎಂಜಿಬಿಯ ಎಸ್‌ಯು ಕಾರ್ಬ್ಯುರೇಟರಿನ ಡ್ಯಾಶ್‌ಪಾಟ್‌ನಲ್ಲಿ (ಮೇಲ್ಭಾಗದ ಎಣ್ಣೆ ಹಾಕುವ ಕೊಳವೆ) ಎಣ್ಣೆ ಇದೆಯೇ ನೋಡಿ.

ರಿಪೇರಿ ಆಗುವವರೆಗೆ ಓಡಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ವಾಷರು, ಕ್ಲಚ್, ಮೌಂಟ್ ಇವಕ್ಕೆಲ್ಲ ಸಮಯವಿದೆ, ಕಾಲು ಮೆಲ್ಲಗೆ ಆಡಿಸಿಕೊಂಡು ಮಳೆಗಾಲ ಕಳೆಯಬಹುದು. ಎರಡು ಮಾತ್ರ ಕಾಯುವಂಥವಲ್ಲ. ಕ್ರಾಸ್ ಮುರಿದರೆ ಘಾಟಿ ಇಳಿಯುವಾಗ ಎಂಜಿನ್ ಹಿಡಿತ ಒಮ್ಮೆಲೇ ತಪ್ಪುತ್ತದೆ, ಶಾಫ್ಟ್ ಕೆಳಗೆ ಬಿದ್ದು ಬಡಿಯುತ್ತದೆ. ವೈರ್ ವೀಲಿನ ಸ್ಪ್ಲೈನ್ ಪೂರ್ತಿ ಹೋದರೆ ಹಬ್ ಒಳಗೊಳಗೇ ಸುತ್ತುತ್ತದೆ. ಆ ಚಕ್ರಕ್ಕೆ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಈ ಎರಡರಲ್ಲಿ ಒಂದು ಕಂಡರೂ ಕಾರನ್ನು ಕಣದಿಂದ ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಅಲ್ಲಿಗೆ ಕರೆಸಿ.