ಅಂತರಪಟ ಸರಿಯುವ ಮುಂಚೆ ಮುಖ ನೋಡಬಹುದಾ?

ಮದುವೆ ಫೋಟೋ ತೆಗೆಯೋದು ನನ್ನ ಕೆಲಸ. ಫೋನ್ ಮಾಡಿದವರು ರೇಟು ಕೇಳಿ, ಡೇಟು ಹೇಳಿ, ಕೊನೆಗೆ ದನಿ ಸ್ವಲ್ಪ ತಗ್ಗಿಸಿ ಕೇಳೋ ಪ್ರಶ್ನೆ ಒಂದೇ. "ಮುಹೂರ್ತಕ್ಕೆ ಮುಂಚೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಬಹುದಾ ಸರ್? ಬೆಳಿಗ್ಗೆನೇ ಜೋಡಿ ಫೋಟೋ ಮುಗಿಸಿಬಿಟ್ಟರೆ ಆಮೇಲೆ ಟೆನ್ಷನ್ ಇರಲ್ಲ ಅಲ್ವಾ?"

ಹಿಂದಿನ ದಿನ ಎಷ್ಟು ಬೇಕಾದರೂ ನೋಡಿ. ಧಾರೆ ದಿನ ಬೆಳಿಗ್ಗೆ ಮಾತ್ರ ಬೇಡ. ಇದು ನನ್ನ ಉತ್ತರ.

ಶಾಸ್ತ್ರ ಅಂತ ಹೆದರಿಸುತ್ತಿಲ್ಲ. ಆ ಗೆರೆಯನ್ನು ನಾವು ಯಾವತ್ತೋ ದಾಟಿದ್ದೇವೆ. ಬೆಂಗಳೂರು, ಮೈಸೂರು ಕಡೆ ಈಗ ಎಷ್ಟೋ ಮದುವೆಗಳಲ್ಲಿ ರಿಸೆಪ್ಷನ್ ಹಿಂದಿನ ಸಂಜೆಯೇ. ಆಫೀಸು ಮುಗಿಸಿ ಬರುವವರಿಗೆ ಅದೇ ಅನುಕೂಲ. ಮೂರು ಗಂಟೆ ಪಕ್ಕಪಕ್ಕ ನಿಂತು, ಬಂದವರಿಗೆಲ್ಲ ನಕ್ಕು ನಕ್ಕು ದವಡೆ ನೋಯಿಸಿಕೊಂಡ ಅದೇ ಜೋಡಿ, ಬೆಳಿಗ್ಗೆ ಎದ್ದು ನಡುವೆ ಒಂದು ಬಟ್ಟೆ ಹಿಡಿಸಿಕೊಂಡು ನಿಲ್ಲುತ್ತದೆ. ಕಾನೂನಿಗೂ ಇದು ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಸಪ್ತಪದಿ ಇರುವ ಮದುವೆ ಏಳನೇ ಹೆಜ್ಜೆಗೆ ಪೂರ್ತಿಯಾಯಿತು ಅನ್ನುತ್ತದೆ, ಅಂತರಪಟದ ಸುದ್ದಿಗೇ ಹೋಗಲ್ಲ.

ಇನ್ನು ಮದುವೆಗೆ ಮುಂಚೆಯೇ ಜೋಡಿಯನ್ನು ಭೇಟಿ ಮಾಡಿಸಿ ಫೋಟೋ ತೆಗೆಯೋ ಈ 'ಫಸ್ಟ್ ಲುಕ್' ಅಮೆರಿಕ ಕಡೆಯಿಂದ ಬಂದದ್ದು. ಮದುವೆಗೆ ಮುಂಚೆ ವಧುವನ್ನು ನೋಡಿದರೆ ಅಪಶಕುನ ಅಂತ ಅಲ್ಲಿನ ಹಳೇ ನಂಬಿಕೆ. ಆದರೆ ಮದುವೆ ಮಧ್ಯಾಹ್ನದ ಮೇಲಿದ್ದು, ಚಳಿಗಾಲವಾದರೆ ಬೇಗ ಕತ್ತಲಾಗುತ್ತದೆ, ಅದಕ್ಕೇ ಮೊದಲೇ ಭೇಟಿ ಮಾಡಿಸಿ ಫೋಟೋ ಮುಗಿಸುತ್ತಾರೆ. ನಮಗೆ ಆ ಕಷ್ಟ ಎಲ್ಲಿದೆ? ಏಳೂವರೆಗೆ ಮುಹೂರ್ತ ಅಂದರೆ ಧಾರೆ ಮುಗಿದ ಮೇಲೂ ಇಡೀ ದಿನದ ಬೆಳಕು ಬಾಕಿ.

ನಾನೂ ಒಮ್ಮೆ ಈ ಹುಚ್ಚಿಗೆ ಬಿದ್ದಿದ್ದೆ. ಬೆಳಗಿನ ಜಾವ ಛತ್ರದ ಟೆರೇಸಿನಲ್ಲಿ, ನೀರಿನ ಟ್ಯಾಂಕ್ ಪಕ್ಕ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಹುಡುಗಿ ಬಂದು ಭುಜ ಮುಟ್ಟಿದಾಗ ತಿರುಗಬೇಕು ಅಂತ ಹೇಳಿಕೊಟ್ಟೆ. ಮೂರು ಸಲ ಮಾಡಿಸಿದೆ. ಫೋಟೋ ಚೆನ್ನಾಗೇ ಬಂತು. ಆಮೇಲೆ ಮಂಟಪದಲ್ಲಿ ಮಂಗಳಾಷ್ಟಕ ಮುಗಿದು, ವಾಲಗದವರು ಜೋರಾಗಿ ಬಾರಿಸಿ, ಅಂತರಪಟ ಸರಿಯಿತು. ಇಬ್ಬರೂ ನನ್ನ ಕಡೆ ತಿರುಗಿದರು. ಸರಿಯಾಗಿ ಬಂತಾ, ಇನ್ನೊಂದು ಸಲ ಮಾಡಬೇಕಾ ಅನ್ನೋ ಹಾಗಿತ್ತು ಮುಖ! ಆ ಫೋಟೋ ಆಲ್ಬಮ್ಮಿಗೆ ಹಾಕಲಿಲ್ಲ.

ಇನ್ನೊಂದು ಜೋಡಿ, ಒಂದೇ ಆಫೀಸಿನವರು, ಐದು ವರ್ಷ ದಿನಾ ಮುಖ ನೋಡಿಕೊಂಡವರು. ಸೋದರಮಾವ ಕರೆತಂದು ನಿಲ್ಲಿಸಿದಾಗ ಆ ಹುಡುಗಿಗೆ ಕಾಣುತ್ತಿದ್ದದ್ದು ಕುಂಕುಮದಲ್ಲಿ ಸ್ವಸ್ತಿಕ ಬರೆದ ಬಟ್ಟೆ, ಅದರ ಕೆಳಗೆ ಅವನ ಪಾದ, ಅಷ್ಟೇ. ಹೆಬ್ಬೆರಳು ಒಂದು ಕಡೆ ಸುಮ್ನೆ ನಿಲ್ಲುತ್ತಿರಲಿಲ್ಲ, ಅಕ್ಕಿ ಕೆದಕುತ್ತಲೇ ಇತ್ತು. ಅವಳು ಅದನ್ನು ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು, ಕೈಯಲ್ಲಿದ್ದ ಜೀರಿಗೆ ಬೆಲ್ಲ ಬೆವರಿಗೆ ಕರಗಿ ವೀಳ್ಯದೆಲೆಗೆ ಅಂಟುತ್ತಿತ್ತು. ಬಟ್ಟೆ ಸರಿದದ್ದೇ ಅವಳು ನೋಡಿದ್ದು ಮುಖ ಅಲ್ಲ, ವಾರೆಯಾಗಿದ್ದ ಪೇಟ. ಜೋರಾಗಿ ನಕ್ಕುಬಿಟ್ಟಳು. ಅಷ್ಟರಲ್ಲಿ ಅವನು ಮೊದಲು ಹಾಕಿ ಗೆದ್ದ, ಎರಡು ಗಂಟೆ ಕೂತು ಕಟ್ಟಿಸಿದ ತುರುಬಿನ ಮೇಲೆ ಬೆಲ್ಲ. (ಮೇಕಪ್ಪಿನವರಿಗೆ ಜೀರಿಗೆ ಬೆಲ್ಲ ಕಂಡರೆ ಆಗಲ್ಲ.) ಇಂಥದ್ದನ್ನು ಟೆರೇಸಿನಲ್ಲಿ ಹೇಳಿಕೊಟ್ಟು ಮಾಡಿಸೋಕೆ ನನಗಂತೂ ಬರಲ್ಲ.

ಎಲ್ಲರ ಮದುವೆಯಲ್ಲೂ ಅಂತರಪಟ ಇರಲ್ಲ, ಗೊತ್ತು. ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದಲ್ಲಿ ಪುರೋಹಿತರೂ ಇಲ್ಲ, ಮುಹೂರ್ತವೂ ಇಲ್ಲ, ಅಲ್ಲಿ ಈ ಪ್ರಶ್ನೆಯೇ ಏಳಲ್ಲ. ಮನೆಯಲ್ಲಿ ಅಜ್ಜಿ ಬೇಡ ಅಂದರೆ ಚರ್ಚೆ ಬೇಡ, ಅಜ್ಜಿ ಗೆಲ್ಲಲಿ. ಧಾರೆ ಮುಗಿಸಿ ನೇರ ಏರ್‌ಪೋರ್ಟಿಗೆ ಓಡಬೇಕಾದವರು ರಿಸೆಪ್ಷನ್ ದಿನವೇ ಒಂದು ಗಂಟೆ ಮೊದಲು ರೆಡಿಯಾಗಿ, ಜೋಡಿ ಫೋಟೋ ಅಲ್ಲೇ ಮುಗಿಸೋಣ.

ಉಳಿದವರು ಧಾರೆ ಆದ ಮೇಲೆ, ಊಟಕ್ಕೆ ಎಲೆ ಹಾಕೋ ಮುಂಚೆ ನನಗೆ 20 ನಿಮಿಷ ಬಿಟ್ಟುಕೊಡಿ. ಕೂದಲಲ್ಲಿ ಅಕ್ಷತೆ, ಬೆಲ್ಲ ಇದ್ದರೆ ಇರಲಿ. ಒರೆಸಿಕೊಂಡು ಬರಬೇಡಿ.